ಕಾಸರಗೋಡಿನಲ್ಲಿ ಮನೆ ಕೊಳ್ಳುವ ಮುನ್ನ: ಆಧಾರ, ಬಾವಿ, ಬರೆ

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕಟ್ಟಿದ ಮನೆ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಮನೆ ನೋಡುತ್ತಾರೆ, ಒಪ್ಪಿಗೆಯಾದರೆ ಅಡ್ವಾನ್ಸ್ ಕೊಡುತ್ತಾರೆ, ಕಾಗದಪತ್ರ ಬಿಚ್ಚುವುದು ಬ್ಯಾಂಕಿನ ವಕೀಲರು ಕೇಳಿದಾಗ. ಅಷ್ಟು ಹೊತ್ತಿಗೆ ಹಣ ಸಿಕ್ಕಿಬಿದ್ದಿರುತ್ತದೆ. ಅಡ್ವಾನ್ಸ್ ಕೊನೆಗೆ ಬರಬೇಕು. ಅದಕ್ಕೆ ಮೊದಲು ಕಾಗದಕ್ಕೆ ಒಂದು ವಾರ, ಜಾಗಕ್ಕೆ ಒಂದೆರಡು ಭೇಟಿ ತೆಗೆದಿಡಿ. ಅವಸರ ಮಾಡುವ ಬ್ರೋಕರ್ ಸಾಮಾನ್ಯವಾಗಿ ತನ್ನ ಕಮಿಷನ್‌ಗೇ ಅವಸರ ಮಾಡುತ್ತಿರುತ್ತಾನೆ.

ಆಧಾರದ ಸರಪಣಿ

ಆಧಾರ ಎಂದರೆ ಇಲ್ಲಿ ಜಾಗದ ನೋಂದಾಯಿತ ಕ್ರಯಪತ್ರ, ಆಧಾರ್ ಕಾರ್ಡ್ ಅಲ್ಲ. ಮಾರುವವರಿಂದ ಮೊದಲು ಕೇಳಬೇಕಾದದ್ದು ಅವರ ಹೆಸರಿನ ಆಧಾರ, ಅದರ ಹಿಂದಿನ ಆಧಾರಗಳು, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ಮನೆಗೆ ಪಂಚಾಯತ್ ಕೊಟ್ಟ ನಂಬರು ಮತ್ತು ಕಟ್ಟಡ ತೆರಿಗೆಯ ರಶೀದಿ. ಪ್ರತಿ ಸಾಕು, ಆದರೆ ಮೂಲ ಆಧಾರವನ್ನು ಒಮ್ಮೆ ಕಣ್ಣಿಂದ ನೋಡಲೇಬೇಕು. ಮೂಲ ಆಧಾರ ತೋರಿಸಲು ತಡವರಿಸಿದರೆ ಅದು ಯಾವುದೋ ಬ್ಯಾಂಕಿನಲ್ಲೋ ಚಿಟ್ ಫಂಡಿನಲ್ಲೋ ಅಡವಿರುವ ಸಾಧ್ಯತೆ ಹೆಚ್ಚು.

1956ರ ನವೆಂಬರ್ 1ರವರೆಗೆ ಈ ನೆಲ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಹಿಂದಕ್ಕೆ ಹೋದಂತೆ ಆಧಾರಗಳು ಮಲಯಾಳದಿಂದ ಕನ್ನಡಕ್ಕೆ ಹೊರಳುತ್ತವೆ. ವರ್ಗ (ತೀರ್ವೆ ಕಟ್ಟುವ ಖಾಸಗಿ ಹಿಡುವಳಿ), ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಧಣಿ ಬಿಡಿಸಬಹುದಾದ ಗೇಣಿ), ಕುಮ್ಕಿ (ವರ್ಗಕ್ಕೆ ತಾಗಿದ ಸರಕಾರಿ ಜಾಗ) ಎಂಬ ಮಾತುಗಳು ಬರುತ್ತವೆ. ದೂರದೂರಿನ ಬ್ಯಾಂಕ್ ವಕೀಲರಿಗೆ ಇವು ಹೊಸತು. ಎರಡೂ ಲಿಪಿ ಓದಬಲ್ಲ, ಕಾಸರಗೋಡಿನ ಕೋರ್ಟಿನಲ್ಲಿ ಭೂವ್ಯವಹಾರ ನೋಡಿದ ವಕೀಲರೊಬ್ಬರಿಂದ ಓದಿಸಿ. ಅವರ ಫೀಸು ಮನೆಯ ಬೆಲೆಯ ಮುಂದೆ ಏನೂ ಅಲ್ಲ.

ಗೇಣಿಯಿಂದ ಬಂದ ಜಾಗವಾದರೆ ಒಂದು ಕಾಗದ ಮುಖ್ಯ. ಕೇರಳ ಭೂಸುಧಾರಣಾ ಕಾಯ್ದೆಯ ಪ್ರಕಾರ 1970ರ ಜನವರಿ 1ರಿಂದ ಗೇಣಿ ಜಾಗಗಳ ಧಣಿಯ ಹಕ್ಕು ಸರಕಾರಕ್ಕೆ ಸೇರಿತು. ಗೇಣಿದಾರ ಲ್ಯಾಂಡ್ ಟ್ರಿಬ್ಯೂನಲ್‌ನಿಂದ ಕ್ರಯ ಸರ್ಟಿಫಿಕೇಟ್ ಪಡೆದರೆ ಪೂರ್ಣ ಹಕ್ಕು. ಹಳೆ ಆಧಾರದಲ್ಲಿ ಗೇಣಿ ಎಂದಿದ್ದು, ನಡುವೆ ಎಲ್ಲೂ ಕ್ರಯ ಸರ್ಟಿಫಿಕೇಟ್ ಇಲ್ಲದೆ ನೇರ ಮಾರಾಟದ ಆಧಾರ ಬಂದಿದ್ದರೆ ಸರಪಣಿಯ ಕೊಂಡಿ ಅಲ್ಲಿ ಕಳಚಿದೆ. ಬ್ಯಾಂಕ್ ತಕರಾರು ತೆಗೆಯುವುದು ಅಲ್ಲೇ. ಸರಕಾರ ಮಂಜೂರು ಮಾಡಿದ ಜಾಗದ ಪಟ್ಟೆಯಾದರೆ ಅದರಲ್ಲಿ ಬರೆದ ಷರತ್ತುಗಳನ್ನು ಒಂದೊಂದಾಗಿ ಓದಿ. ಇಷ್ಟು ವರ್ಷ ಮಾರುವಂತಿಲ್ಲ, ವಾಸಕ್ಕೆ ಅಥವಾ ಕೃಷಿಗೆ ಮಾತ್ರ ಎಂಬ ನಿಬಂಧನೆ ಇರುತ್ತದೆ.

ಕುಟುಂಬದ ಆಸ್ತಿಯಲ್ಲಿ ಸಹಿಗಳ ಲೆಕ್ಕ ತಪ್ಪುವುದು ಮಾಮೂಲು. ಹೆಣ್ಣಿನ ಸಂತತಿಯ ಮೂಲಕ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆತನಗಳ ಜಾಗ ಮಾರುವಾಗ "ಯಜಮಾನರು ಸಹಿ ಹಾಕುತ್ತಾರೆ, ಸಾಕು" ಎನ್ನುತ್ತಾರೆ. ಸಾಲದು. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದಿದೆ. ಆ ದಿನ ಇದ್ದ ಸದಸ್ಯರಿಗೆಲ್ಲ ಪ್ರತ್ಯೇಕ ಪಾಲು ಹುಟ್ಟಿದೆ. ನೋಂದಾಯಿತ ಪಾಲುಪಟ್ಟಿ ಆಗಿದೆಯೇ, ಅದರಲ್ಲಿ ಎಲ್ಲ ಕವರುಗಳೂ (ಮನೆತನದ ಶಾಖೆಗಳೂ) ಸೇರಿವೆಯೇ ಎಂದು ನೋಡಬೇಕು. ತೀರಿಹೋದವರ ಜಾಗವಾದರೆ ತಹಶೀಲ್ದಾರರು ಕೊಡುವ ವಾರಸು ಸರ್ಟಿಫಿಕೇಟ್‌ನಲ್ಲಿರುವ ಪ್ರತಿ ಹೆಸರಿಗೂ ಆಧಾರದಲ್ಲಿ ಸಹಿ ಬೇಕು. ಅಪ್ರಾಪ್ತರ ಪಾಲಿದ್ದರೆ ಕೋರ್ಟಿನ ಅನುಮತಿ ಕೇಳಿ. ಮುಸ್ಲಿಂ ಕುಟುಂಬಗಳಲ್ಲಿ ತಂದೆ ತೀರಿದ ಮೇಲೆ ತಾಯಿ ಮಕ್ಕಳ ಪಾಲನ್ನು ತಾನೇ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ. ಅಲ್ಲೂ ಕೋರ್ಟಿನ ಅನುಮತಿಯೇ ದಾರಿ.

ವಿಲ್ಲೇಜ್ ಆಫೀಸಿನಲ್ಲಿ

ಆಧಾರ ಹೇಳುವುದನ್ನೇ ಸರಕಾರದ ರಿಜಿಸ್ಟರೂ ಹೇಳುತ್ತದೆಯೇ ಎಂದು ತಿಳಿಯುವುದು ಇಲ್ಲಿ. ಸರ್ವೆ ನಂಬರ್ ಮತ್ತು ಸಬ್‌ಡಿವಿಷನ್, ವಿಸ್ತೀರ್ಣ, ತಂಡಪೇರ್ ನಂಬರ್ (ತೀರ್ವೆ ಕಟ್ಟುವವರ ಖಾತೆ ನಂಬರ್), ಹೆಸರು, ಜಾಗದ ತರ (ಗದ್ದೆಯೋ ಹಿತ್ತಿಲೋ) ಇವಿಷ್ಟು ಆಧಾರದಲ್ಲೂ ತೀರ್ವೆ ರಶೀದಿಯಲ್ಲೂ ಮೂಲ ತೆರಿಗೆ ರಿಜಿಸ್ಟರಿನಲ್ಲೂ ಒಂದೇ ಆಗಿರಬೇಕು. ಆಧಾರ ಸೆಂಟ್ಸ್‌ನಲ್ಲಿರುತ್ತದೆ, ರಶೀದಿ ಹೆಕ್ಟೇರ್–ಆರ್‌ನಲ್ಲಿ. 1 ಸೆಂಟ್ ಎಂದರೆ 40.47 ಚದರ ಮೀಟರ್. 1 ಆರ್ ಅಂದರೆ 2.47 ಸೆಂಟ್ಸ್. 10 ಸೆಂಟ್ಸ್ ಜಾಗಕ್ಕೆ ರಶೀದಿಯಲ್ಲಿ 4.05 ಆರ್ ಕಾಣಬೇಕು. 3.64 ಆರ್ ಇದ್ದರೆ ದಾಖಲೆಯಲ್ಲಿರುವುದು 9 ಸೆಂಟ್ಸ್ ಮಾತ್ರ. ಪೊಸೆಷನ್ ಸರ್ಟಿಫಿಕೇಟ್ ಕಂಡು ನಿಶ್ಚಿಂತರಾಗಬೇಡಿ. ಅದು ಜಾಗ ಯಾರ ಕೈಯಲ್ಲಿದೆ ಎನ್ನುತ್ತದೆ, ಹಕ್ಕು ಯಾರದು ಎನ್ನುವುದಿಲ್ಲ.

ಜಾಗದ ತರದ ಕಾಲಂನಲ್ಲಿ 'ನಂಜ' ಅಥವಾ 'ನಿಲಂ' ಎಂದಿದ್ದರೆ ಅಲ್ಲೇ ನಿಲ್ಲಿ. ಕಣ್ಣಿಗೆ ಅಡಿಕೆ ತೋಟ, ತೆಂಗಿನ ಹಿತ್ತಿಲು ಕಂಡರೂ ದಾಖಲೆಯಲ್ಲಿ ಅದು ಗದ್ದೆ. 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಗದ್ದೆ, ಜೌಗುಭೂಮಿಗಳ ಡೇಟಾ ಬ್ಯಾಂಕ್ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದೇ ಮುಂದಿನ ಪ್ರಶ್ನೆ. ಕೃಷಿ ಭವನದಲ್ಲಿ ವಿಚಾರಿಸಬಹುದು. ಪಟ್ಟಿಯಲ್ಲಿ ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರ್ಮ್ 5, ಪಟ್ಟಿಯಲ್ಲಿ ಇಲ್ಲದಿದ್ದರೆ ತರ ಬದಲಿಸಲು ಫಾರ್ಮ್ 6. ಎರಡೂ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಥವಾ ಅಧಿಕಾರ ಪಡೆದ ಡೆಪ್ಯುಟಿ ಕಲೆಕ್ಟರ್‌ಗೆ. ಪಟ್ಟಿಯಲ್ಲಿಲ್ಲದ, 2017ರ ಡಿಸೆಂಬರ್ 30ಕ್ಕೆ ಬೇರೆಯೇ ತುಂಡಾಗಿದ್ದ 25 ಸೆಂಟ್ಸ್‌ವರೆಗಿನ ಜಾಗಕ್ಕೆ ಶುಲ್ಕವಿಲ್ಲ. ಆಮೇಲೆ ದೊಡ್ಡ ಜಾಗದಿಂದ ಕತ್ತರಿಸಿದ ತುಂಡಿಗೆ ಈ ವಿನಾಯಿತಿ ಸಿಗದು. "ಮನೆ ಇದೆಯಲ್ಲ, ನಂಬರೂ ಇದೆ" ಎಂಬ ಸಮಾಧಾನ ಸಾಲದು: ನಾಳೆ ಮಹಡಿ ಏರಿಸಲು ಹೋದಾಗ, ಸಾಲಕ್ಕೆ ಅರ್ಜಿ ಹಾಕಿದಾಗ ಅದೇ ಪದ ಅಡ್ಡ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ ಮಾರುವವರೇ ಮುಗಿಸಿ ಕೊಡಲಿ, ಆಮೇಲೆ ಮಾತು.

ಋಣಭಾರ ಪತ್ರ, ಎಲ್ಲರೂ ಇಸಿ ಎನ್ನುವುದು, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅಥವಾ ನೋಂದಣಿ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಿಂದ ಸಿಗುತ್ತದೆ. ಕನಿಷ್ಠ 30 ವರ್ಷದ್ದು ತೆಗೆಸಿ. ರೀಸರ್ವೆ (ಸರಕಾರದ ಮರು ಅಳತೆ) ಆದ ಗ್ರಾಮವಾದರೆ ಹಳೆ ನಂಬರಿಗೂ ಹೊಸ ನಂಬರಿಗೂ ಬೇರೆಬೇರೆ ಹುಡುಕಾಟ ಬೇಕು. ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಇರುತ್ತದೆ. 'ಗಹಾನ್' ಎಂದು ಕಂಡರೆ ಸಹಕಾರಿ ಬ್ಯಾಂಕಿನ ಸಾಲ. ಸಾಲ ತೀರಿಸಿಯೂ ಗಹಾನ್ ಬಿಡುಗಡೆ ನೋಂದಾಯಿಸದೆ ಬಿಟ್ಟವರು ಎಷ್ಟೋ ಮಂದಿ, ಹಾಗಾಗಿ ರದ್ದತಿಯ ನಮೂದೂ ಕಾಣಬೇಕು. ಆಧಾರ ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ, ಉಯಿಲು, ನಡೆಯುತ್ತಿರುವ ಕೇಸು, ನೋಂದಣಿಯಾಗದ ಕರಾರು ಇವೆಲ್ಲ ಇಸಿಯಲ್ಲಿ ಬರಲೇಬೇಕೆಂದಿಲ್ಲ.

ಬೇಲಿಯೊಳಗಿನ ಜಾಗ

ಅಳೆಯದೆ ಕೊಳ್ಳಬೇಡಿ. ಲೈಸೆನ್ಸ್ ಇರುವ ಸರ್ವೆಯರ್‌ನ ಕೈಯಲ್ಲಿ, ನೆರೆಮನೆಯವರು ಇರುವಾಗಲೇ ಅಳೆಸಿ. ಇಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ: ಆಧಾರದಲ್ಲಿ 12 ಸೆಂಟ್ಸ್, ಬೇಲಿಯೊಳಗೆ 17. ಉಳಿದ 5 ಸೆಂಟ್ಸ್ ಕುಮ್ಕಿ ಆಗಿರಬಹುದು, ಪುರಂಬೋಕು (ರಸ್ತೆ, ತೋಡುಗಳಂಥ ಸರಕಾರಿ ಜಾಗ) ಆಗಿರಬಹುದು. ಕುಮ್ಕಿ ಸರಕಾರದ ಜಾಗ. ವರ್ಗದಾರನಿಗೆ ಸೊಪ್ಪು ಸೌದೆಯಂಥ ಅನುಭೋಗವಿತ್ತೇ ಹೊರತು ಒಡೆತನವಲ್ಲ. ಬಾವಿಯೋ ಶೌಚಾಲಯದ ಗುಂಡಿಯೋ ಆ ಐದು ಸೆಂಟ್ಸ್‌ನಲ್ಲೇ ಇದ್ದರೆ ಬೆಲೆಯ ಮಾತು ಬೇರೆ. ಹಣ ಕೊಡುವುದು ಆಧಾರದ ವಿಸ್ತೀರ್ಣಕ್ಕೆ ಮಾತ್ರ.

ದಾರಿಯನ್ನೂ ಅಳೆಯಿರಿ. ಕಾರು ಬರುತ್ತದೆ ಎಂಬುದು ಹಕ್ಕಲ್ಲ, ನೆರೆಯವರ ದಾಕ್ಷಿಣ್ಯ ಇರಬಹುದು. ಇಷ್ಟು ಮೀಟರ್ ಅಗಲದ ವಾಹನ ದಾರಿ ಎಂದು ಆಧಾರದಲ್ಲಿ ಬರೆದಿರಬೇಕು, ಅಥವಾ ಪಂಚಾಯತಿನ ರಸ್ತೆಗಳ ಆಸ್ತಿ ರಿಜಿಸ್ಟರಿನಲ್ಲಿ ಇರಬೇಕು. ಕಡಲ ಬದಿಯಲ್ಲಿ, ಚಂದ್ರಗಿರಿ, ಮೊಗ್ರಾಲ್, ಶಿರಿಯಾ ಹೊಳೆಗಳ ಉಬ್ಬರ ಏರುವ ದಡದಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. ಮನೆಗೆ ಖಾಯಂ ನಂಬರ್ ಸಿಕ್ಕಿದೆಯೇ ಎಂದು ಪಂಚಾಯತಿನಲ್ಲೇ ಕೇಳಿ. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಮನೆಯಾದರೆ ಹೆದ್ದಾರಿಗೆ ಬಿಟ್ಟುಕೊಟ್ಟ ಭಾಗ ಕಳೆದು ಉಳಿದದ್ದೆಷ್ಟು, ಸರ್ವಿಸ್ ರಸ್ತೆಗೆ ಇಳಿಯುವ ದಾರಿ ಎಲ್ಲಿ ಎಂದು ನೋಡಿಕೊಳ್ಳಿ.

ನೀರು

ಮಳೆಗಾಲದಲ್ಲಿ ಬಾವಿ ತೋರಿಸಿ ಮಾರಿದರೆ ನಂಬಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ. ಮುರಕಲ್ಲಿನ ಗುಡ್ಡ ನೀರನ್ನು ಕುಡಿದಷ್ಟೇ ಬೇಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಏಪ್ರಿಲ್, ಮೇಯಲ್ಲಿ. ಅಷ್ಟು ಕಾಯಲಾಗದಿದ್ದರೆ ಬಾವಿಯ ಒಳಗೋಡೆಯ ಗುರುತು ನೋಡಿ, ನೆರೆಮನೆಯವರಲ್ಲಿ "ಎಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುತ್ತೀರಾ?" ಎಂದು ಕೇಳಿ. ಎಣ್ಮಕಜೆ, ಪೈವಳಿಕೆ ಕಡೆಯ ಗುಡ್ಡದ ಮನೆಗಳಿಗೆ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡ ಕೊರೆದ ಬಿಲದ) ನೀರು ಬರುತ್ತಿದ್ದರೆ ಸುರಂಗದ ಬಾಯಿ ಯಾರ ಜಾಗದಲ್ಲಿದೆ, ಅದು ಯಾರ ಗುಡ್ಡದಡಿ ಸಾಗುತ್ತದೆ, ನೀರಿನ ಹಕ್ಕು ಆಧಾರದಲ್ಲಿ ಬರೆದಿದೆಯೇ ಎಂದು ವಿಚಾರಿಸಿ. ಮೇಲಿನ ಜಾಗದವರು ಕೊಳವೆಬಾವಿ ಕೊರೆದರೆ ಸುರಂಗ ಬತ್ತಬಹುದು.

ನೀರಿನ ಮಾದರಿ ಪರೀಕ್ಷೆಗೆ ಕೊಡಿ. ಮುರಕಲ್ಲು ಪ್ರದೇಶದ ಬಾವಿಗಳಲ್ಲಿ ನೀರು ಹುಳಿಗುಣದ್ದು, ಪಿಎಚ್ 6.5ಕ್ಕಿಂತ ಕೆಳಗೆ ಇರುವುದು ಸಾಮಾನ್ಯ; ಕಬ್ಬಿಣದ ಪೈಪು ಬೇಗ ತಿನ್ನುತ್ತದೆ. ಕಡಲ ಬದಿಯಲ್ಲಿ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ದಾಟಿದ್ದರೆ ಬೇಸಗೆಯಲ್ಲಿ ಉಪ್ಪು ಏರುತ್ತಿದೆ ಎಂದರ್ಥ. ಶೌಚಾಲಯದ ಗುಂಡಿಗೂ ಬಾವಿಗೂ ಕಟ್ಟಡ ನಿಯಮದಂತೆ 7.5 ಮೀಟರ್ ಅಂತರ ಬೇಕು. ನೆರೆಯವರ ಗುಂಡಿಯನ್ನೂ ಸೇರಿಸಿ ಅಳೆಯಿರಿ. 5 ಸೆಂಟ್ಸ್‌ನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ.

ಬರೆ ಮತ್ತು ಗೋಡೆ

ಗುಡ್ಡ ಕಡಿದು ಮಾಡಿದ ತಟ್ಟಿನ ಮನೆಯಾದರೆ ಹಿಂಬದಿಯ ಬರೆಯನ್ನು, ಎಂದರೆ ಕಡಿದ ಗುಡ್ಡದ ನೆಟ್ಟಗಿನ ಮುಖವನ್ನು, ಬುಡದಿಂದ ತುದಿಯವರೆಗೆ ನೋಡಿ. ಮೇಲೆ ಗಟ್ಟಿ ಮುರಕಲ್ಲು, ಅದರಡಿ ಬಿಳಿ ಅಥವಾ ನಸುಗೆಂಪು ಶೇಡಿ ಮಣ್ಣು ಕಂಡರೆ ಅಪಾಯ. ನೀರು ಕುಡಿದ ಶೇಡಿ ಕೆಸರಾಗಿ ಜಾರುತ್ತದೆ, ಮೇಲಿನ ಕಲ್ಲು ಹಾಳೆಯಾಗಿ ಬೀಳುತ್ತದೆ. ಬರೆಯಲ್ಲಿ ಜಿನುಗುವ ನೀರು, ತುದಿಯಲ್ಲಿ ನೆಲ ಬಿರಿದ ಗೆರೆ, ವಾಲಿದ ಮರ ಇವು ಲಕ್ಷಣ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ತೂತುಗಳಿವೆಯೇ ನೋಡಿ. ಇಲ್ಲದ ಗೋಡೆ ಹಿಂದಿನ ನೀರಿನ ಒತ್ತಡಕ್ಕೇ ಬೀಳುತ್ತದೆ. ಇನ್ನೊಂದು ಬದಿ ತುಂಬಿಸಿದ ಮಣ್ಣಾದರೆ ಮನೆಯ ಆ ಮೂಲೆಯಲ್ಲಿ ಓರೆ ಬಿರುಕು ಹುಡುಕಿ.

ಕೆಂಪು ಕಲ್ಲಿನ ಗೋಡೆಗೆ ತಳದಲ್ಲಿ ಕಾಂಕ್ರೀಟ್ ಬೆಲ್ಟ್ ಇಲ್ಲದಿದ್ದರೆ ನೆಲದ ತೇವ ಏರಿ ಎರಡು ಮೂರಡಿ ಎತ್ತರದವರೆಗೆ ಬಣ್ಣ ಉದುರುತ್ತದೆ. ಹೊಸ ಬಣ್ಣ ಬರೀ ಕೆಳಭಾಗಕ್ಕೆ ಹೊಡೆದಿದ್ದರೆ ಕಾರಣ ಕೇಳಿ. ಕಡಲ ಹತ್ತಿರದ ಮನೆಗಳಲ್ಲಿ ಉಪ್ಪು ಸೇರಿದ ಮರಳು ಬಳಸಿದ್ದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಸಿಡಿಯುತ್ತದೆ. ಸನ್‌ಶೇಡಿನ ಕೆಳಮೈಯಲ್ಲಿ ಕಂದು ಗೆರೆಗಳು, ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು, ಇವೆರಡೂ ಕಂಡರೆ ಪ್ಲಾಸ್ಟರ್ ಹಚ್ಚಿ ಮುಗಿಯುವ ಕೆಲಸವಲ್ಲ. ಟೆರೇಸಿನ ಮೇಲೆ ಶೀಟು ಹಾಕಿದ್ದರೆ ಮಳೆಗಾಲದಲ್ಲಿ ಸೋರಿಕೆ ಇತ್ತೇ ಎಂದು ಕೇಳಿ. ಆ ಶೀಟಿನ ಭಾಗವನ್ನೂ ಸೇರಿಸಿ ಪಂಚಾಯತಿನ ಪ್ಲಾನ್‌ಗೆ ಹೋಲಿಸಿ.

ಕರಾರು, ಹಣ, ನೋಂದಣಿ

ಇಷ್ಟಾದ ಮೇಲೆ ಕರಾರು. ಅಡ್ವಾನ್ಸ್ 10 ಶೇಕಡಾಕ್ಕಿಂತ ಹೆಚ್ಚು ಬೇಡ, ಅದೂ ಬ್ಯಾಂಕ್ ಮೂಲಕ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟ ನಗದು ಮುಂಗಡ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಅಳತೆಯಲ್ಲಿ ಕಡಿಮೆ ಬಂದರೆ, ಬ್ಯಾಂಕ್ ಕಾಗದ ಒಪ್ಪದಿದ್ದರೆ ಇಷ್ಟು ದಿನದಲ್ಲಿ ಹಣ ವಾಪಸ್ ಎಂದು ಬರೆಸಿ.

ಮುದ್ರಾಂಕ ಶುಲ್ಕ 8, ನೋಂದಣಿ ಶುಲ್ಕ 2, ಒಟ್ಟು 10 ಶೇಕಡಾ. ಸರಕಾರದ ನ್ಯಾಯಬೆಲೆ ಮತ್ತು ಆಧಾರದಲ್ಲಿ ಬರೆದ ಬೆಲೆಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ. 40 ಲಕ್ಷದ ಮನೆಗೆ 4 ಲಕ್ಷ. ಇದನ್ನು ಕೈಯಲ್ಲಿಟ್ಟುಕೊಂಡೇ ಲೆಕ್ಕ ಹಾಕಿ. ಬೆಲೆ ಕಡಿಮೆ ಬರೆಸುವ ಸಲಹೆ ಬರುತ್ತದೆ. ಒಪ್ಪಿದರೆ ಬ್ಯಾಂಕ್ ಸಾಲ ಕುಗ್ಗುತ್ತದೆ, ಕಡಿಮೆ ಮೌಲ್ಯದ ನೋಟಿಸ್ ಬಂದರೆ ಕಟ್ಟುವವರು ನೀವೇ.

ಮಾರುವವರು ಗಲ್ಫ್‌ನಲ್ಲಿದ್ದರೆ ಎರಡು ಎಚ್ಚರ. ಅಲ್ಲಿ ಮಾಡಿದ ಪವರ್ ಆಫ್ ಅಟಾರ್ನಿಗೆ ಭಾರತೀಯ ದೂತಾವಾಸದ ದೃಢೀಕರಣ ಬೇಕು, ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕವೂ ಆಗಬೇಕು. ಬರೆದುಕೊಟ್ಟವರು ತೀರಿಹೋದರೆ ಅದು ಬಿದ್ದುಹೋಗುತ್ತದೆ, ಆದ್ದರಿಂದ ನೋಂದಣಿಯ ದಿನ ವಿಡಿಯೋ ಕಾಲ್ ಮಾಡಿ ಮಾತಾಡಿ. ಎರಡನೆಯ ಎಚ್ಚರ ತೆರಿಗೆಯದು. ಊರಲ್ಲಿರುವವರಿಂದ 50 ಲಕ್ಷ ಅಥವಾ ಮೇಲಿನ ಬೆಲೆಗೆ ಕೊಂಡರೆ ಬೆಲೆಯಿಂದ 1 ಶೇಕಡಾ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಿದರೆ ಮುಗಿಯಿತು. ಅನಿವಾಸಿಯಾದರೆ ಆ ಮಿತಿಯೂ ಇಲ್ಲ, ದರವೂ ತುಂಬಾ ಹೆಚ್ಚು. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ಕೊಂಡವರನ್ನು. ಕರಾರಿಗೆ ಮೊದಲೇ ಲೆಕ್ಕಪರಿಶೋಧಕರಲ್ಲಿ ಕೇಳಿ.

ಡಿಜಿಟಲ್ ಸರ್ವೆ ಮುಗಿದು 'ಎಂಡೆ ಭೂಮಿ' ಪೋರ್ಟಲ್‌ಗೆ ಸೇರಿದ ಗ್ರಾಮಗಳಲ್ಲಿ, ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಅಂಥದ್ದರಲ್ಲಿ ಮೊದಲನೆಯದು, ನೋಂದಣಿಗೆ ಮೊದಲೇ ಪ್ರೀ ಮ್ಯುಟೇಷನ್ ಸ್ಕೆಚ್ (ಕೈಬದಲಾಗುವ ಜಾಗದ ನಕ್ಷೆ) ಬೇಕು. ಆಧಾರದ ಕರಡು ಮಲಯಾಳದಲ್ಲಿದ್ದರೆ ಸಹಿಗೆ ಎರಡು ದಿನ ಮೊದಲು ತರಿಸಿಕೊಂಡು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಚೆಕ್ಕುಬಂದಿ, ದಾರಿ, ಬಾವಿ, ಮನೆ ನಂಬರ್ ನಾಲ್ಕನ್ನೂ ಬೆರಳಿಟ್ಟು ನೋಡಿ. ಒಂದು ಅಂಕೆ ತಪ್ಪಿದರೂ ತಿದ್ದುಪಡಿ ಆಧಾರಕ್ಕೆ ಮಾರಿದವರನ್ನು ಮತ್ತೆ ಕರೆಸಬೇಕು.

ನೋಂದಣಿಯಾದ ಮೇಲೆ ಪೋಕ್ಕುವರವ್ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ, ನಿಮ್ಮ ಹೆಸರಿನ ತಂಡಪೇರ್‌ನಲ್ಲಿ ತೀರ್ವೆ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಅದರಿಂದ ಮನೆ ನಿಮ್ಮ ಹೆಸರಿಗೆ ಬರುವುದಿಲ್ಲ. ಪಂಚಾಯತಿನಲ್ಲಿ ಒಡೆತನ ಬದಲಾವಣೆಗೆ ಬೇರೆ ಅರ್ಜಿ. 100 ಚದರ ಮೀಟರ್ ದಾಟಿದ ಮನೆಗೆ ಕಂದಾಯ ಇಲಾಖೆಯ ಒಂದು ಬಾರಿಯ ಕಟ್ಟಡ ತೆರಿಗೆ ಕಟ್ಟಿದ ರಶೀದಿಯನ್ನು ಮಾರಿದವರಿಂದ ಮರೆಯದೆ ತೆಗೆದುಕೊಳ್ಳಿ. ಕೊನೆಗೆ ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ಮೀಟರ್, ಜಲಪ್ರಾಧಿಕಾರದ ಸಂಪರ್ಕವಿದ್ದರೆ ಅದನ್ನೂ ಹೆಸರು ಬದಲಿಸಿ. ಹಳೆ ಬಾಕಿ ಇದ್ದರೆ ಅದು ಗೊತ್ತಾಗುವುದು ಆ ಕೌಂಟರಿನಲ್ಲಿ, ಆದ್ದರಿಂದ ಕೊನೆಯ ಕಂತು ಕೊಡುವ ಮೊದಲೇ ಗ್ರಾಹಕ ನಂಬರ್ ಹಾಕಿ ನೋಡಿಡಿ.