ಶನಿವಾರದ ಸ್ನ್ಯಾಕ್ ಸರದಿಗೆ ಹಣ್ಣು, ನೀರು ಸಾಕು

ಮಗುವನ್ನು ಸಾಕರ್‌ಗೆ, ಅಂದರೆ ಫುಟ್‌ಬಾಲ್‌ಗೆ, ಸೇರಿಸಿದ ವಾರವೇ ಒಂದು ಪಟ್ಟಿ ಬರುತ್ತದೆ. ಯಾವ ಶನಿವಾರ ಆಟ ಮುಗಿದ ಮೇಲೆ ಇಡೀ ಟೀಮಿಗೆ ಯಾರು ಸ್ನ್ಯಾಕ್ ತರುತ್ತೀರಿ, ಹೆಸರು ಬರೆಯಿರಿ ಅಂತ. ಊರಿನಿಂದ ಹೊಸದಾಗಿ ಅಮೆರಿಕಕ್ಕೆ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಹಾಸನದಲ್ಲಿ ನಾವು ಲಗೋರಿ ಆಡಿ ಮನೆಗೆ ಬಂದರೆ ಅಮ್ಮ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದರು, ಜೊತೆಗೆ ಪಕ್ಕದ ಮನೆ ಮಕ್ಕಳಿದ್ದರೆ ಅವರಿಗೂ ಒಂದೊಂದು ಲೋಟ, ಅದಕ್ಕೆಲ್ಲ ಪಟ್ಟಿ ಎಲ್ಲಿತ್ತು? ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನ್ನ ಇಬ್ಬರು ಮಕ್ಕಳ ಸಾಕರ್ ಮುಗಿದು, ಈಗ ಮೊಮ್ಮಗಳ ಟೀಮಿಗೆ ಹಣ್ಣು ಹೆಚ್ಚುತ್ತಿದ್ದೇನೆ. ಅದಕ್ಕೇ ನಿಮಗೆ ಕೆಲವು ಮಾತು ಹೇಳಬೇಕು ಅನ್ನಿಸಿತು.

ಮೊದಲನೆಯದು ಅಲರ್ಜಿ. ಇದರಲ್ಲಿ ನಾನು ತಪ್ಪು ಮಾಡಿದ್ದೇನೆ. ದೊಡ್ಡ ಮಗನಿಗೆ ಏಳು ವರ್ಷ, ದೀಪಾವಳಿ ವಾರ ನಮ್ಮ ಸರದಿ ಬಂತು. ಹಬ್ಬ ಅಲ್ವಾ ಅಂತ ಸಂಭ್ರಮದಿಂದ ಕಡಲೆಕಾಯಿ ಉಂಡೆ ಕಟ್ಟಿಕೊಂಡು ಹೋದೆ. ಒಬ್ಬ ಹುಡುಗ ಕೈಯಲ್ಲಿ ಹಿಡಿದದ್ದೇ ತಡ, ಅವನ ತಾಯಿ ಓಡಿ ಬಂದು ಕಿತ್ತುಕೊಂಡರು. ಆ ಮಗುವಿಗೆ ಕಡಲೆಕಾಯಿ ಬಾಯಿಗೆ ಹೋದರೆ ಉಸಿರೇ ಕಟ್ಟುತ್ತಿತ್ತಂತೆ. ಆಕೆ ನನ್ನನ್ನು ಬೈಯಲಿಲ್ಲ, ಆದರೆ ಆಕೆಯ ಕೈ ನಡುಗುತ್ತಿದ್ದದ್ದು ಇವತ್ತಿಗೂ ಕಣ್ಣಮುಂದೆ ಇದೆ. ಅಂದಿನಿಂದ ಸೀಸನ್ ಶುರುವಾಗುವ ಮೊದಲೇ ಎಲ್ಲ ಅಪ್ಪ ಅಮ್ಮಂದಿರನ್ನು ಕೇಳುತ್ತೇನೆ: ನಿಮ್ಮ ಮಗುವಿಗೆ ಏನು ಆಗುವುದಿಲ್ಲ? ಕೇಳಿದ್ದನ್ನು ಸ್ನ್ಯಾಕ್ ಪಟ್ಟಿಯ ತಲೆಯಲ್ಲೇ ಬರೆದುಬಿಡಿ, ಎಲ್ಲರಿಗೂ ಕಾಣಲಿ.

ನಮ್ಮ ತಿಂಡಿಗಳ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಎಳ್ಳು ಬೆಲ್ಲ, ಚಿಕ್ಕಿ, ಚಟ್ನಿಪುಡಿ, ಇವುಗಳಲ್ಲಿ ಸಾಮಾನ್ಯವಾಗಿ ಕಡಲೆಕಾಯಿ ಇಲ್ಲವೇ ಎಳ್ಳು ಇರುತ್ತದೆ. ಇಲ್ಲಿ ಪೊಟ್ಟಣದ ಮೇಲೆ ಬರೆಯಲೇಬೇಕಾದ ಮುಖ್ಯ ಅಲರ್ಜಿ ಪದಾರ್ಥಗಳು ಮೊದಲು ಎಂಟಿದ್ದವು, 2023ರ ಜನವರಿಯಿಂದ ಎಳ್ಳು ಒಂಬತ್ತನೆಯದು. ಪದಾರ್ಥಗಳ ಪಟ್ಟಿಯ ಕೆಳಗೆ ‘ಕಂಟೇನ್ಸ್’ (ಇದರಲ್ಲಿ ಇಂಥದ್ದು ಇದೆ) ಅಂತ ಇದ್ದರೆ ಆ ಸಾಲು ಓದಿ. ‘ಮೇ ಕಂಟೇನ್’ (ಇರಬಹುದು) ಅನ್ನುವ ಎಚ್ಚರಿಕೆ ಮಾತ್ರ ಕಂಪನಿಯವರು ತಾವಾಗಿ ಹಾಕುವಂಥದ್ದು, ಕಾನೂನಿನ ಕಡ್ಡಾಯ ಇಲ್ಲ. ಹಾಗಾಗಿ ಅದು ಇಲ್ಲ ಅಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಅಂದುಕೊಳ್ಳಬೇಡಿ. ಅನುಮಾನ ಬಂದರೆ ಆ ಮಗುವಿನ ತಾಯಿಗೆ ಪೊಟ್ಟಣದ ಫೋಟೋ ಕಳಿಸಿ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಖುಷಿಯೇ ಪಡುತ್ತಾರೆ. ಕೈ ಒರೆಸಲು ಸ್ಯಾನಿಟೈಸರ್ ಸಾಕು ಅಂತಲೂ ಅಂದುಕೊಳ್ಳಬೇಡಿ. ಅದು ಕೀಟಾಣು ಕೊಲ್ಲುತ್ತದೆ, ಕೈಗೆ ಅಂಟಿದ ಕಡಲೆಕಾಯಿ ಜಿಡ್ಡನ್ನು ತೆಗೆಯುವುದಿಲ್ಲ. ಸೋಪು ನೀರು, ಇಲ್ಲವಾದರೆ ಒದ್ದೆ ವೈಪ್ಸ್ ಇಟ್ಟುಕೊಳ್ಳಿ.

ಬಣ್ಣಬಣ್ಣದ ಗಮ್ಮಿ ಪೊಟ್ಟಣಗಳಲ್ಲಿ ತುಂಬ ಸಲ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ನಮ್ಮಲ್ಲಿ ಸಸ್ಯಾಹಾರಿಗಳಿದ್ದಾರೆ, ಟೀಮಿನಲ್ಲಿ ಮುಸ್ಲಿಂ, ಯಹೂದಿ ಮಕ್ಕಳೂ ಇರುತ್ತಾರೆ. ಹಣ್ಣು ತಂದರೆ ಈ ತಲೆನೋವು ಬಹುಪಾಲು ಇಲ್ಲ.

ಹಣ್ಣೇ ತನ್ನಿ ಅಂತ ನಾನು ಒತ್ತಿ ಹೇಳುತ್ತೇನೆ. ಆರೇಳು ವರ್ಷದ ಮಕ್ಕಳು ಬೆಳಗ್ಗೆ ಒಂಬತ್ತಕ್ಕೆ ಆಟ ಶುರು ಮಾಡಿ ಹತ್ತು ಗಂಟೆ ಸುಮಾರಿಗೆ ಮುಗಿಸುತ್ತಾರೆ. ಆಮೇಲೆ ಚಿಪ್ಸ್, ಕುಕ್ಕಿ, ಜ್ಯೂಸ್ ಎಲ್ಲ ತಿಂದರೆ ಮಧ್ಯಾಹ್ನ ಅನ್ನ ಸಾರು ಮುಟ್ಟುವುದಿಲ್ಲ. ಸ್ಪೋರ್ಟ್ಸ್ ಡ್ರಿಂಕ್ ಅಂತೂ ಬೇಡವೇ ಬೇಡ. 20 ಔನ್ಸ್ ಬಾಟಲಿಯಲ್ಲಿ ಸುಮಾರು 34 ಗ್ರಾಂ ಸಕ್ಕರೆ, ಅಂದರೆ ಎಂಟು ಟೀ ಚಮಚಕ್ಕಿಂತ ಜಾಸ್ತಿ. ಎರಡು ವರ್ಷ ದಾಟಿದ ಮಕ್ಕಳಿಗೆ ಇಡೀ ದಿನಕ್ಕೆ ಮೇಲಿಂದ ಸೇರಿಸಿದ ಸಕ್ಕರೆ 25 ಗ್ರಾಂಗಿಂತ ಕಡಿಮೆ ಇರಲಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. ಇಷ್ಟು ಹೊತ್ತಿನ ಆಟಕ್ಕೆ ನೀರು ಸಾಕು ಅಂತ ಇಲ್ಲಿನ ಮಕ್ಕಳ ಡಾಕ್ಟರುಗಳೂ ಹೇಳುತ್ತಾರೆ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿ ದ್ರಾಕ್ಷಿ ಚೆನ್ನಾಗಿರುತ್ತದೆ. ನವೆಂಬರ್ ಹೊತ್ತಿಗೆ ಕೈಯಲ್ಲೇ ಸುಲಿಯುವ ಚಿಕ್ಕ ಕಿತ್ತಳೆ ಬರುತ್ತದೆ, ಅದಕ್ಕಿಂತ ಸುಲಭ ಇನ್ನೊಂದಿಲ್ಲ. ದೊಡ್ಡ ಕಿತ್ತಳೆ ಆದರೆ ಒಂದನ್ನು ಎಂಟು ಹೋಳು ಮಾಡಿ, ಒಂದು ಮಗುವಿಗೆ ನಾಲ್ಕು ಹೋಳು. ಎಂಟು ಮಕ್ಕಳಿಗೆ ನಾಲ್ಕು ಹಣ್ಣು ಅಂತ ಲೆಕ್ಕ ಬಂದರೂ ಆರು ಹೆಚ್ಚಿ. ಮೈದಾನದ ಅಂಚಿನಲ್ಲಿ ಆಟಗಾರರ ತಮ್ಮ ತಂಗಿಯರು ಕೂತಿರುತ್ತಾರಲ್ಲ, ಅಣ್ಣನ ಕೈಯಲ್ಲಿರುವುದನ್ನೇ ನೋಡುತ್ತಾ. ಅವರನ್ನು ಬಿಟ್ಟು ಹಂಚಲು ನನಗೆ ಮನಸ್ಸು ಬರುವುದಿಲ್ಲ. ಆ ಪುಟ್ಟವರಿಗೆ ದ್ರಾಕ್ಷಿಯನ್ನು ಮಾತ್ರ ಇಡಿಯಾಗಿ ಕೊಡಬೇಡಿ, ಉದ್ದಕ್ಕೆ ಸೀಳಿ ಕೊಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೇಬು ಕಪ್ಪಾಗದಿರಲು ಒಂದು ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಹೋಳುಗಳನ್ನು ಐದು ನಿಮಿಷ ನೆನೆಸಿ, ಒಂದು ಸಲ ಜಾಲಿಸಿ ಡಬ್ಬಿಗೆ ತುಂಬಿ. ನಿಂಬೆಹಣ್ಣಿಗಿಂತ ನನಗೆ ಇದೇ ಇಷ್ಟ, ಹುಳಿ ಬರುವುದಿಲ್ಲ.

ಐಸ್ ಕೊಳ್ಳುವುದು ಸುಮ್ನೆ ದುಡ್ಡು ದಂಡ. ಹಿಂದಿನ ರಾತ್ರಿ ಮೂರು ನಾಲ್ಕು ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಕೂಲರ್‌ನಲ್ಲಿ ಅವೇ ಐಸ್, ಆಟ ಮುಗಿಯುವಷ್ಟರಲ್ಲಿ ಅವೇ ತಣ್ಣೀರು. ಹೆಚ್ಚಿದ ಹಣ್ಣನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ, 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಒಂದೇ ಗಂಟೆ.

ಮನೆಯಲ್ಲಿ ಮಾಡಿದ್ದು ತರಬೇಕು ಅಂತ ಆಸೆ ಇರುತ್ತದೆ, ನನಗೆ ಗೊತ್ತು. ಕೆಲವು ಟೀಮುಗಳಲ್ಲಿ ಅಂಗಡಿಯ ಸೀಲ್ ಒಡೆಯದ ಪೊಟ್ಟಣ ಮಾತ್ರ ಅಂತ ನಿಯಮ ಇರುತ್ತದೆ, ಕೇಳಿಕೊಳ್ಳಿ. ಅಂಥ ನಿಯಮ ಇಲ್ಲದಿದ್ದರೆ, ಕಡಲೆಕಾಯಿ ಹಾಕದ ಮಂಡಕ್ಕಿ ಒಗ್ಗರಣೆ ಮಾಡಿ ನೋಡಿ. ಚಿಟಿಕೆ ಅರಿಶಿನ, ಉಪ್ಪು, ಕರಿಬೇವು, ಖಾರ ಬೇಡ. ಅಂಚು ಮಡಚಿದ ಕಾಗದದ ಲೋಟದಲ್ಲಿ ಒಂದೊಂದು ಹಿಡಿ ಕೊಟ್ಟರೆ ಗಾಳಿಗೆ ಹಾರುವುದಿಲ್ಲ. ನಮ್ಮ ಟೀಮಿನ ಮಕ್ಕಳು ‘ಆ ಹಳದಿ ರೈಸ್’ ಅಂತ ಕೇಳಿ ಕೇಳಿ ತಿಂದರು.

ಇನ್ನು ಸರದಿ ಹಂಚುವ ಮಾತು. ಒಂದು ವರ್ಷ ಒಬ್ಬ ತಾಯಿ ಪ್ರತಿ ಮಗುವಿಗೂ ರಿಬ್ಬನ್ ಕಟ್ಟಿದ ಚೀಲ ತಂದರು, ಒಳಗೆ ಮೂರು ತಿಂಡಿ, ಒಂದು ಆಟಿಕೆ. ಪ್ರೀತಿಯಿಂದಲೇ ತಂದದ್ದು. ಮುಂದಿನ ವಾರದವರು ಅದಕ್ಕಿಂತ ಕಡಿಮೆ ತರಲು ಸಂಕೋಚ ಪಟ್ಟರು, ಅದರ ಮುಂದಿನ ವಾರ ಇನ್ನೂ ಜಾಸ್ತಿ ಆಯಿತು. ಶನಿವಾರ ಕೂಡ ಶಿಫ್ಟ್ ಮಾಡುವ ಇನ್ನೊಬ್ಬ ತಾಯಿ, ಒಬ್ಬರೇ ಮಗುವನ್ನು ಸಾಕುತ್ತಿದ್ದವರು, ತಮ್ಮ ಸರದಿ ಬಂದಾಗ ಮಗುವನ್ನೇ ಕಳಿಸಲಿಲ್ಲ. ನನಗೆ ಬಹಳ ನೋವಾಯಿತು. ಆಟ ಆಡುವ ಆಸೆಯಿದ್ದ ಮಗು ತಿಂಡಿ ಚೀಲದ ದೆಸೆಯಿಂದ ಮನೆಯಲ್ಲಿ ಕೂತಿತು. ಹಾಗಾಗಿ ಮೊದಲ ಪ್ರಾಕ್ಟೀಸ್ ದಿನವೇ ಬಾಯಿಬಿಟ್ಟು ಹೇಳಿ: ಒಂದು ಹಣ್ಣು, ನೀರು, ಅಷ್ಟೇ, ಯಾರೂ ಮೀರಬಾರದು. ಆ ತಾಯಿಯ ಹಾಗೆ ಅದೂ ಕಷ್ಟ ಆಗುವವರಿಗೆ ಪೇಪರ್ ಟವೆಲ್, ಕಸದ ಚೀಲದ ಸರದಿ ಕೊಡಿ, ಪಟ್ಟಿಯಲ್ಲಿ ಅವರ ಹೆಸರೂ ಎಲ್ಲರ ಜೊತೆ ಇರಲಿ. ಅಪ್ಪಂದಿರ ಹೆಸರನ್ನೂ ಬರೆಸಿ, ಕಿತ್ತಳೆ ಹೆಚ್ಚಲು ಯಾರಾದರೇನು. ಬರಲಾಗದವರು ಗುರುವಾರದೊಳಗೆ ಇನ್ನೊಬ್ಬರ ಜೊತೆ ತಾವೇ ದಿನ ಬದಲಿಸಿಕೊಳ್ಳಲಿ, ಕೋಚ್ ತಲೆಗೆ ಕಟ್ಟಬೇಡಿ, ಅವರೂ ಪುಕ್ಕಟೆಯಾಗಿ ಬರುವವರು. ನನ್ನ ಕಾರಿನ ಡಿಕ್ಕಿಯಲ್ಲಿ ಸೀಸನ್ ಪೂರ್ತಿ ಎರಡು ಪೊಟ್ಟಣ ಪ್ರೆಟ್ಜೆಲ್ ಇರುತ್ತದೆ, ಯಾರಾದರೂ ಮರೆತು ಬಂದರೆ ಇರಲಿ ಅಂತ.

ಹಣ್ಣನ್ನು ಶುಕ್ರವಾರ ರಾತ್ರಿ ತೊಳೆದು ಒರೆಸಿಡಿ, ಹೆಚ್ಚುವುದು ಬೆಳಗ್ಗೆ, ಅದೂ ಕೋಚ್ ಮೆಸೇಜ್ ನೋಡಿದ ಮೇಲೆ. ಇಲ್ಲಿ ಸೀಸನ್ ನಡೆಯುವ ತಿಂಗಳುಗಳಲ್ಲಿ ಕಾಡ್ಗಿಚ್ಚಿನ ಹೊಗೆ ಬಂದರೆ ಆಟ ರದ್ದಾಗುವುದುಂಟು. ಹೆಚ್ಚದ ಕಿತ್ತಳೆ ಫ್ರಿಜ್‌ನಲ್ಲಿ ಮುಂದಿನ ಶನಿವಾರಕ್ಕೂ ಆಗುತ್ತದೆ.