ಹೊಸ ಎಲೆಕ್ಟ್ರಿಕ್ ಗಿಟಾರ್: ಪಿಕಪ್‌ಗೆ ಕೈ ಹಾಕುವ ಮುನ್ನ

ಹೊಸ ಗಿಟಾರಿನ ಡಬ್ಬಿ ಬಿಚ್ಚಿದ ಖುಷಿಯಲ್ಲಿ ನೆಕ್ (ಬೆರಳಿಟ್ಟು ನುಡಿಸುವ ಉದ್ದನೆಯ ಕತ್ತು) ಉದ್ದಕ್ಕೂ ಅಂಗೈ ಜಾರಿಸಿದೆ. ಚುರ್ ಎಂದಿತು. ಬೆಳಕಿಗೆ ಹಿಡಿದು ನೋಡಿದರೆ ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳ) ತುದಿ ಮರದಿಂದ ಕೂದಲೆಳೆಯಷ್ಟು ಆಚೆ ಬಂದಿವೆ. ಮರ ಒಣಗಿ ಕುಗ್ಗಿದೆ, ಲೋಹ ಕುಗ್ಗಿಲ್ಲ, ಅಷ್ಟೇ. ಒಂದೆರಡು ಕಡೆ ತಂತಿ ಝುಯ್ಯೆನ್ನುತ್ತಿತ್ತು. ವಾಪಸ್ ಕಳಿಸಿಬಿಡೋಣ ಅನ್ನಿಸಿತು. ಕಳಿಸಲಿಲ್ಲ. ಕಡಿಮೆ ಬೆಲೆಯ ಎಷ್ಟೋ ಗಿಟಾರ್‌ಗಳಲ್ಲಿ ಮೂಲ ವಸ್ತು ಚೆನ್ನಾಗಿಯೇ ಇರುತ್ತದೆ, ಕೊನೆಯ ಕೈಕೆಲಸ ಮಾತ್ರ ಅರ್ಧಕ್ಕೆ ನಿಂತಿರುತ್ತದೆ. ಆ ಅರ್ಧವನ್ನು ನಾವೇ ಮುಗಿಸಬಹುದು. ಪಿಕಪ್ (ತಂತಿಯ ಅದುರುವಿಕೆಯನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬದಲಿಸುವ ಯೋಚನೆ ಅದಾದ ಮೇಲೆ.

ಹಾಗಂತ ಎಲ್ಲ ದೋಷವನ್ನೂ ಒಪ್ಪಿಕೊಳ್ಳಬೇಡಿ. ನೆಕ್ ತಿರುಚಿಕೊಂಡಿದ್ದರೆ, ಬಿರುಕು ಬಿಟ್ಟಿದ್ದರೆ, ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸಲು ಅದರೊಳಗಿರುವ ಸರಳು) ತಿರುಗದಿದ್ದರೆ ಸುಮ್ನೆ ವಾಪಸ್ ಕೊಡಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ನುಡಿಸಿ, ನಾಬ್, ಸ್ವಿಚ್ ಎಲ್ಲ ತಿರುಗಿಸಿ ನೋಡಿ. ಅರ ಹಿಡಿಯುವ ಮುಂಚೆ ವಾರಂಟಿ ಷರತ್ತನ್ನೂ ಓದಿಕೊಳ್ಳಿ.

ಮೊದಲ ಕೆಲಸ, ತಂತಿ ಬದಲಿಸುವುದು. ಮುಂದೆ ಯಾವ ದಪ್ಪದ ತಂತಿ ಬಳಸುತ್ತೀರೋ ಅದನ್ನೇ ಈಗ ಹಾಕಿ ಶ್ರುತಿ ಮಾಡಿ. ದಪ್ಪ ಬದಲಾದರೆ ಎಳೆತ ಬದಲಾಗುತ್ತದೆ, ಅಳತೆಯೆಲ್ಲ ಮತ್ತೆ ಮೊದಲಿಂದ.

ಈಗ ನೆಕ್. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ, ಜೊತೆಗೆ ನೆಕ್ ಗಿಟಾರಿನ ಒಡಲಿಗೆ ಸೇರುವ ಕಡೆಯೂ ಒತ್ತಿ. 7ನೇ ಫ್ರೆಟ್ ಮೇಲೆ ಸುಮಾರು 0.25 ಮಿ.ಮೀ. ಸಂದು ಇರಬೇಕು, ಅಂದರೆ ತೆಳ್ಳನೆ ವಿಸಿಟಿಂಗ್ ಕಾರ್ಡ್ ತೂರುವಷ್ಟು. ಜಾಸ್ತಿ ಇದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ, ಕಡಿಮೆ ಇದ್ದರೆ ಉಲ್ಟಾ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ. ರಾಡ್ ಮುರಿದರೆ ಹೋದದ್ದು ನೆಕ್ಕೇ.

ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಅದರಲ್ಲಿ ತಂತಿ ಕೂರುವ ತೋಡು ಎತ್ತರದಲ್ಲಿದ್ದರೆ ಮೊದಲ ಫ್ರೆಟ್‌ಗಳಲ್ಲಿ ಎಷ್ಟು ಒತ್ತಿದರೂ ಸ್ವರ ಏರುತ್ತದೆ. ಎಫ್ ಕಾರ್ಡ್ (ಸ್ವರಗುಚ್ಛ) ಹಿಡಿಯಲು ಬೆರಳು ನೋಯುವುದಕ್ಕೂ ಎಷ್ಟೋ ಸಲ ಇದೇ ಕಾರಣ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್ ಮೇಲೆ ನೋಡಿ. ಕಂಡೂ ಕಾಣದಷ್ಟು ಸಂದು ಸಾಕು. ಜಾಸ್ತಿ ಇದ್ದರೆ ನಟ್ ಅರದಿಂದ ಎರಡು ಸಲ ಉಜ್ಜಿ, ತಂತಿ ಕೂರಿಸಿ, ಮತ್ತೆ ನೋಡಿ. ಕೊರೆದದ್ದನ್ನು ವಾಪಸ್ ತುಂಬುವುದು ಸುಲಭವಲ್ಲ ಅಲ್ವಾ! ಶ್ರುತಿ ಮಾಡುವಾಗ ಟಿಂಗ್ ಎಂದು ಸದ್ದು ಬಂದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಪೆನ್ಸಿಲ್ ತುದಿಯಿಂದ ತೋಡಿನಲ್ಲಿ ಗೀಚಿ, ಜಾರುತ್ತದೆ.

ಫ್ರೆಟ್ ತುದಿಗೆ ಸಣ್ಣ ಅರ ಬೇಕು. ಮರಕ್ಕೆ ಟೇಪ್ ಅಂಟಿಸಿ, ಅರವನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ. ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ನುಡಿಸಿದಾಗ ಝುಯ್ ಎನ್ನುವ ಜಾಗ ಇದ್ದರೆ ಚಿಕ್ಕ ಉಕ್ಕಿನ ಸ್ಕೇಲನ್ನು ಮೂರು ಫ್ರೆಟ್‌ಗಳ ಮೇಲಿಡಿ. ಅಲುಗಾಡಿದರೆ ನಡುವಿನದು ಎತ್ತರ. ಅದನ್ನು ಸಮ ಮಾಡುವುದು ಕೈ ಪಳಗಿದವರ ಕೆಲಸ, ಕಲಿಯುವಾಗ ಹಳೇ ಗಿಟಾರ್ ಮೇಲೆ ಕಲಿಯಿರಿ.

ನಂತರ ಬ್ರಿಡ್ಜ್, ಅಂದರೆ ಒಡಲಿನ ಮೇಲೆ ತಂತಿಗಳನ್ನು ಹೊರುವ ಭಾಗ. 12ನೇ ಫ್ರೆಟ್ ಮೇಲೆ ತೆಳು ತಂತಿಗೆ ಸುಮಾರು 1.6 ಮಿ.ಮೀ., ದಪ್ಪ ತಂತಿಗೆ 2 ಮಿ.ಮೀ. ಎತ್ತರ ಇಡಿ. ಆಮೇಲೆ ಅದೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರುವ ಚಿಕ್ಕ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಇಷ್ಟಾದ ಮೇಲೂ ದನಿ ಒಗ್ಗದಿದ್ದರೆ ಎಲೆಕ್ಟ್ರಾನಿಕ್ಸ್. ಕರಕರ ಎನ್ನುವ ಪಾಟ್‌ಗೆ (ನಾಬ್ ಕೆಳಗಿನ ನಿಯಂತ್ರಕಕ್ಕೆ) ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ. ಬದಲಿಸಲೇಬೇಕಾದರೆ ಸಾಮಾನ್ಯವಾಗಿ ಒಂದೇ ಸುರುಳಿಯ ಪಿಕಪ್ ಆದ ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್‌ಗೆ 500. ಒಳಗೆ ತಾಮ್ರದ ಟೇಪ್ ಅಂಟಿಸಿ ಅರ್ತ್‌ಗೆ ಜೋಡಿಸಿದರೆ ಕಿರಿಕಿರಿ ಸದ್ದು ತಗ್ಗುತ್ತದೆ. ಸಿಂಗಲ್ ಕಾಯಿಲ್‌ನ ಗುಂಯ್ ಮಾತ್ರ ಪೂರ್ತಿ ಹೋಗುವುದಿಲ್ಲ. ಹಂಬಕರ್‌ನಲ್ಲಿ ಎರಡು ಸುರುಳಿ ಇರುವುದೇ ಅದನ್ನು ಪರಸ್ಪರ ಅಳಿಸಲಿಕ್ಕೆ.

ಹೊಸ ಪಿಕಪ್ ಕೊಳ್ಳುವ ಮುಂಚೆ ಇರುವ ಪಿಕಪ್‌ನ ಎತ್ತರ ಬದಲಿಸಿ ನೋಡಿ. ಅಯಸ್ಕಾಂತ ತಂತಿಗೆ ತೀರಾ ಹತ್ತಿರವಿದ್ದರೆ ಅದನ್ನು ಎಳೆದು ಸ್ವರ ಅದುರುವಂತೆ ಮಾಡುತ್ತದೆ. ನನ್ನದನ್ನು ಎರಡು ಸುತ್ತು ಇಳಿಸಿದ್ದಕ್ಕೇ ದನಿ ತಿಳಿಯಾಯಿತು. ಪಿಕಪ್‌ಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಲಾಕಿಂಗ್ ಟ್ಯೂನರ್ (ತಂತಿಯನ್ನು ಕಚ್ಚಿ ಹಿಡಿಯುವ ಶ್ರುತಿ ಕೀಲಿ) ಹಾಕಿದೆ.