ಸಕುರಾ ನೋಡೋಕೆ ಒಂದು ಮರ ಸಾಕು

ಟೋಕಿಯೋಗೆ ಬಂದ ಮೊದಲ ವರ್ಷ ನಾವು ಸಕುರಾ, ಅಂದರೆ ಚೆರ್ರಿ ಹೂವು, ನೋಡಲೇ ಇಲ್ಲ. ಮಾರ್ಚ್ ಕೊನೆಗೆ ಹೂವು ಅರಳಿತ್ತು, ಭಾನುವಾರ ಬುತ್ತಿ ಕಟ್ಟಿಕೊಂಡು ಉಎನೋ ಪಾರ್ಕಿಗೆ ಹೋಗೋಣ ಅಂತ ನಾನೂ ನಮ್ಮನೆಯವರೂ ಮಾತಾಡಿಕೊಂಡಿದ್ದೆವು, ಶುಕ್ರವಾರ ರಾತ್ರಿ ಗಾಳಿ ಮಳೆ ಹೊಡೆದು, ನಾವು ಹೋಗುವಷ್ಟರಲ್ಲಿ ಮರದ ತುಂಬ ಚಿಗುರು, ನೆಲದ ತುಂಬ ಒದ್ದೆ ಪಕಳೆ. ತುಂಬಾ ಬೇಜಾರಾಯಿತು.

ಎಲ್ಲ ಮರವೂ ಒಟ್ಟಿಗೇ ಖಾಲಿಯಾಗಿದ್ದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಇಲ್ಲಿ ಜಾಸ್ತಿ ಇರುವುದು ಸೊಮೆಯ್ ಯೊಶಿನೊ ಅನ್ನುವ ತಳಿ. ಎದೊ ಅಂದರೆ ಟೋಕಿಯೋದ ಹಳೆಯ ಹೆಸರು. ಆ ಎದೊ ಕಾಲದ ಕೊನೆಯಲ್ಲಿ, 19ನೇ ಶತಮಾನದ ನಡುವೆ, ಸೊಮೆಯ್ ಅನ್ನುವ ಹಳ್ಳಿಯ ತೋಟಗಾರರು ಮಾರಾಟಕ್ಕೆ ತಂದದ್ದು, ಆ ಹಳ್ಳಿ ಈಗ ಟೋಕಿಯೋ ಒಳಗೇ ಸೇರಿಹೋಗಿದೆ. ಇದನ್ನು ಬೀಜ ಹಾಕಿ ಬೆಳೆಸುವುದಿಲ್ಲ. ನಮ್ಮಲ್ಲಿ ಮಾವಿಗೆ ಕಟ್ಟುತ್ತೇವಲ್ಲ, ಹಾಗೆ ಕಸಿ ಕಟ್ಟುತ್ತಾರೆ. ಅಂದರೆ ಊರಿನ ಅಷ್ಟೂ ಸೊಮೆಯ್ ಯೊಶಿನೊ ಒಂದೇ ಗಿಡದ ಪಾಲು. ಅರಳಿದರೆ ಒಟ್ಟಿಗೆ, ಉದುರಿದರೂ ಒಟ್ಟಿಗೆ.

ಪಕ್ಕದ ಮನೆ ಅಜ್ಜಿ ಒಂದು ಮಾತು ಹೇಳಿದರು: "ಊರೆಲ್ಲ ಸುತ್ತಬೇಡಿ, ಮನೆ ಹತ್ತಿರ ಒಂದು ಮರ ನೋಡಿಟ್ಟುಕೊಳ್ಳಿ." ಮರುವರ್ಷ ಹಾಗೇ ಮಾಡಿದೆ. ನಾವಿರುವ ನಿಶಿ ಕಸಾಯ್‌ನಿಂದ ಶಿನ್‌ಕಾವಾ ಕಾಲುವೆ ದೂರವಲ್ಲ, ಹಿಂದೆ ಗ್ಯೊತೊಕು ಅನ್ನುವ ಊರಿನ ಉಪ್ಪು ದೋಣಿಯಲ್ಲಿ ಇದೇ ದಾರಿಯಾಗಿ ಎದೊಗೆ ಬರುತ್ತಿತ್ತಂತೆ, ಈಗ ದಡದುದ್ದಕ್ಕೂ ಸಕುರಾ. ಸೇತುವೆ ಪಕ್ಕದ ಒಂದು ಮರ ಆರಿಸಿಕೊಂಡೆ. ಮಾರ್ಚ್ ಮಧ್ಯದಿಂದ ದಿನಾ ಬೆಳಿಗ್ಗೆ ಹತ್ತು ನಿಮಿಷ, ಸುಮ್ನೆ ನಿಂತು ನೋಡುವುದು.

ಯಾಸುಕುನಿ ದೇಗುಲದ ಅಂಗಳದಲ್ಲಿ ಹವಾಮಾನ ಇಲಾಖೆಯವರು ಗುರುತು ಮಾಡಿಟ್ಟ ಒಂದು ಮರ ಇದೆ. ಅದರಲ್ಲಿ 5-6 ಹೂವು ಬಿಟ್ಟರೆ ಟೋಕಿಯೋದಲ್ಲಿ ಸಕುರಾ ಅರಳಿತು ಅಂತ ಟಿವಿಯಲ್ಲಿ ಹೇಳುತ್ತಾರೆ. ಅಲ್ಲಿಂದ ಒಂದು ವಾರ ಎಣಿಸಿಕೊಳ್ಳಿ, ಮರ ತುಂಬಿಬಿಡುತ್ತದೆ. ನಾನು ಅವತ್ತೇ ಮುಂದಿನ ವಾರದ ಒಂದು ಬುಧವಾರಕ್ಕೆ ರಜೆ ಹಾಕಿದೆ. ವಾರದ ಕೊನೆ ನಂಬಿಕೊಂಡು ಒಮ್ಮೆ ಕಳೆದುಕೊಂಡಿದ್ದೆನಲ್ಲ!

ದಿನಾ ಹೋಗಿದ್ದಕ್ಕೆ ಕಂಡದ್ದು ಎರಡು. ಒಂದು ಬೆಳಿಗ್ಗೆ ಗಾಳಿಯೇ ಇಲ್ಲ, ಆದರೂ ಹೂವು ಬೀಳುತ್ತಿತ್ತು. ಪಕಳೆಯಲ್ಲ, ಐದು ಪಕಳೆಯ ಇಡೀ ಹೂವು, ಬುಗುರಿ ಹಾಗೆ ತಿರುಗುತ್ತಾ. ತಲೆ ಎತ್ತಿದರೆ ಗುಬ್ಬಿಗಳು! ಹೂವಿನ ಬುಡವನ್ನೇ ಕಚ್ಚಿ, ಜೇನು ಹೀರಿ, ಬಿಸಾಕುತ್ತಿದ್ದವು. ಒಂದನ್ನು ಅಂಗೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದೆ. ಇನ್ನೊಂದು, ಹೂವಿನ ನಡುಭಾಗ. ಹೊಸ ಹೂವಲ್ಲಿ ಅದು ತಿಳಿಯಾಗಿರುತ್ತದೆ, ಉದುರುವ ದಿನ ಹತ್ತಿರ ಬಂದ ಹಾಗೆ ಕೆಂಪಾಗುತ್ತದೆ. ಈಗ ಅದನ್ನು ನೋಡಿಯೇ ಇನ್ನೆಷ್ಟು ದಿನ ಉಳಿದಿದೆ ಅಂತ ಅಂದಾಜು ಮಾಡುತ್ತೇನೆ.

ಬುಧವಾರ ಉಎನೋಗೆ ಹೋದೆವು. ಬೆಳಿಗ್ಗೆ ಎಂಟಕ್ಕೇ ಅಲ್ಲಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ ಒಬ್ಬೊಬ್ಬರೇ ಜಾಗ ಕಾಯುತ್ತಾ ಕೂತಿದ್ದರು. ಎಷ್ಟೋ ಆಫೀಸುಗಳಲ್ಲಿ ಆ ಕೆಲಸ ಹೊಸಬರದ್ದು. ನಾವೂ ಹಾಸಿದೆವು, ಬೇರು ತುಳಿಯದ ಹಾಗೆ ಬುಡದಿಂದ ದೂರ. ಚಪ್ಪಲಿ ಬಿಟ್ಟೇ ಮೇಲೆ ಕೂರಬೇಕು. ಪ್ಲಾಸ್ಟಿಕ್ ಕೆಳಗೆ ರಟ್ಟು ಹಾಕಿ, ಇಲ್ಲದಿದ್ದರೆ ನೆಲದ ಥಂಡಿ ಅರ್ಧ ಗಂಟೆಯಲ್ಲಿ ಸೊಂಟಕ್ಕೆ ಏರುತ್ತದೆ. ಹೂವಿನ ದಿನಗಳಲ್ಲೇ ಮತ್ತೆ ಬರುವ ಈ ಚಳಿಗೆ ಹನಾಬಿಎ ಅಂತ ಹೆಸರೇ ಇದೆ. ಸ್ವೆಟರ್, ಶಾಲು, ಫ್ಲಾಸ್ಕಲ್ಲಿ ಬಿಸಿ ಟೀ ಬೇಕೇ ಬೇಕು. ಕಸದ ಚೀಲವೂ ಇರಲಿ. ಕೊಂಬೆ ಮಾತ್ರ ಎಳೆಯಬೇಡಿ, ಫೋಟೋಗೆ ಕೂಡ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ.

ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ. ಜೊತೆಗೆ ಅಂಗಡಿಯಿಂದ ಅಕ್ಕಿ ಹಿಟ್ಟಿನ ಗುಲಾಬಿ, ಬಿಳಿ, ಹಸಿರು ಮೂರು ಉಂಡೆ ಕಡ್ಡಿಗೆ ಚುಚ್ಚಿದ ಹನಾಮಿ (ಹೂವು ನೋಡುವ ದಿನದ) ದಾಂಗೊ, ಮತ್ತೆ ಸಕುರಾ ಮೋಚಿ. ಈ ಮೋಚಿ ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಹೊರಗೆ ಉಪ್ಪಲ್ಲಿ ಹಾಕಿಟ್ಟ ಸಕುರಾ ಎಲೆ. ನಾನು ಎಲೆ ಸಮೇತ ತಿನ್ನುತ್ತೇನೆ, ಆ ಉಪ್ಪು ಸಿಹಿ ಸೇರಿದರೇನೇ ರುಚಿ. ಹೂವಿಗಿಂತ ದಾಂಗೊ ಮೇಲು ಅಂತ ಜಪಾನೀಯರಲ್ಲಿ ಗಾದೆಯೇ ಇದೆ. ಪಕ್ಕದ ಹಾಳೆಯ ದಂಪತಿಗೆ ಒಂದು ಬಟ್ಟಲು ಚಿತ್ರಾನ್ನ ಕೊಟ್ಟೆ. ಹಳದಿ ಬಣ್ಣ ನೋಡಿ ಖುಷಿಪಟ್ಟರು, ಹಸಿಮೆಣಸಿನಕಾಯಿ ಮೊದಲೇ ತೆಗೆದಿಟ್ಟಿದ್ದೆ.

ಉದುರುವುದನ್ನೂ ನೋಡಬೇಕು, ನನಗೆ ಅದೇ ಜಾಸ್ತಿ ಇಷ್ಟ. ಆ ವಾರದ ಕೊನೆಯಲ್ಲಿ ಶಿನ್‌ಕಾವಾಕ್ಕೆ ಹೋದಾಗ ನೀರೇ ಕಾಣುತ್ತಿರಲಿಲ್ಲ, ಮೇಲೆಲ್ಲ ಪಕಳೆ. ಇದಕ್ಕೆ ಹನಾಇಕದಾ, ಹೂವಿನ ತೆಪ್ಪ, ಅನ್ನುತ್ತಾರೆ. ಬಾತುಕೋಳಿಯೊಂದು ನಡುವೆ ಹಾದುಹೋಯಿತು, ಹಿಂದೆ ಕಪ್ಪು ಗೆರೆ ಬಿತ್ತು, ನೋಡುತ್ತಿದ್ದ ಹಾಗೇ ಮುಚ್ಚಿಕೊಂಡಿತು.

ಮೊದಲ ವರ್ಷ ನನಗಾದ ಹಾಗೆ ತಡವಾದವರು ಊರಿಗೆ ವಾಪಸ್ ಹೋಗುವ ಮೊದಲು ಶಿಂಜುಕು ಗ್ಯೊಎನ್ ತೋಟಕ್ಕೆ ಹೋಗಿ. ಟಿಕೆಟ್ 500 ಯೆನ್, ಮದ್ಯ ಒಯ್ಯುವಂತಿಲ್ಲ, ಸಂಜೆ ಬಾಗಿಲು ಹಾಕುತ್ತಾರೆ. ಅಲ್ಲಿ ತಡವಾಗಿ ಅರಳುವ ತಳಿಗಳೂ ಇವೆ. ಏಪ್ರಿಲ್ ಮಧ್ಯದಲ್ಲಿ ಕಾನ್ಜಾನ್ ಬಿಡುತ್ತದೆ, ಸುತ್ತು ಪಕಳೆಯ ಗಾಢ ಗುಲಾಬಿ ಹೂವು, ಕೊಂಬೆ ಬಾಗುವಷ್ಟು.